ಚೀಟಿ ನನ್ನದು, ನಡಿಗೆ ಅವಳದು

ನಮ್ಮ ಮನೆಯ ಬಾಗಿಲ ಬದಿಯಲ್ಲಿ ಎರಡು ಜೋಡಿ ಬೂಟುಗಳಿವೆ. ಒಂದೇ ಅಂಗಡಿಯಲ್ಲಿ ಒಂದೇ ದಿನ ಕೊಂಡವು. ಒಂದು ಜೋಡಿ ಕರಿಮಣ್ಣು, ಸಿಮೆಂಟಿನ ಧೂಳು, ಸೆಗಣಿ ಎಲ್ಲವನ್ನೂ ತಿಂದು ಯಾವ ಬಣ್ಣದ್ದೆಂದು ಹೇಳಲು ಬಾರದಂತಾಗಿದೆ. ಹಿಮ್ಮಡಿ ಸವೆದು ಒಂದು ಕಡೆಗೆ ವಾಲಿದೆ. ಇನ್ನೊಂದು ಜೋಡಿ ಇನ್ನೂ ಬೆಳ್ಳಗಿದೆ. ಆ ಬೆಳ್ಳಗಿನದು ನನ್ನದು. ಮನೆಗೆ ಬಂದವರು ಅದನ್ನು ನೋಡಿ ಹೊಸದೇನ್ರಿ ಸರ ಎಂದು ಕೇಳುತ್ತಾರೆ. ಹೌದೆನ್ನುತ್ತೇನೆ. ಒಳಗಿನಿಂದ ನನ್ನ ಹೆಂಡತಿ ಮಹಾನಂದಾ ಕೆಮ್ಮುತ್ತಾಳೆ. ಆ ಕೆಮ್ಮು ನೆಗಡಿಯದಲ್ಲ ಎಂದು ನಿಮಗೆ ಬೇರೆ ಹೇಳಬೇಕಾಗಿಲ್ಲ.

ಹೊಟ್ಟೆಕಿಚ್ಚು ಪಡುವುದಕ್ಕೂ ಒಂದು ಅಂತಸ್ತು ಬೇಕು. ಪಕ್ಕದ ಮನೆಯವನ ಕಾರಿನ ಮೇಲೋ ಜೊತೆಗಾರನ ಬಡ್ತಿಯ ಮೇಲೋ ಪಟ್ಟರೆ ನಾಲ್ಕು ಜನ ಹೌದೌದು ಎನ್ನುತ್ತಾರೆ. ಕಟ್ಟಿಕೊಂಡ ಹೆಂಡತಿಯ ನಿದ್ದೆ ಕಂಡು, ಅವಳು ಎರಡನೆಯ ರೊಟ್ಟಿಗೆ ಕೈ ಚಾಚುವುದನ್ನು ಕಂಡು ಹೊಟ್ಟೆ ಉರಿದುಕೊಳ್ಳುವವನು ಯಾರ ಮುಂದೆ ಹೇಳಿಕೊಳ್ಳಬೇಕು? ನಿಮ್ಮ ಮುಂದೆ ಹೇಳುತ್ತೇನೆ. ನೀವು ನಮ್ಮ ಸೇಡಂ ಊರಿನವರಲ್ಲದಿದ್ದರೆ ಇನ್ನೂ ಒಳ್ಳೆಯದು.

ಚೀಟಿ ಬರೆದದ್ದು ನನ್ನ ಹೆಸರಿಗೆ. ಕಲಬುರಗಿಯ ಡಾಕ್ಟರರು ನನ್ನ ರಕ್ತ ಪರೀಕ್ಷೆಯ ಕಾಗದ ನೋಡಿ, ಸಕ್ಕರೆ ಒಳಗೆ ಬಂದಿಲ್ಲ, ಆದರೆ ಬಾಗಿಲಲ್ಲಿ ನಿಂತಿದೆ ಎಂದರು. ಗುಳಿಗೆ ಬೇಡ, ದಿನಾ ನಡೆಯಿರಿ ಎಂದು ಬರೆದರು. ನಡೆದರೆ ತೂಕ ಎಷ್ಟು ಇಳಿಯುತ್ತದೆ ಎಂದು ಕೇಳಿದೆ. ಇಳಿಯಬಹುದು, ಇಳಿಯದೆಯೂ ಇರಬಹುದು, ಆ ಚಿಂತೆ ಬಿಡಿ, ನಡೆಯುವುದನ್ನು ಬಿಡಬೇಡಿ ಎಂದರು. ನಾನು ಸರ್ವಿಸಿನುದ್ದಕ್ಕೂ ಹೈಸ್ಕೂಲು ಹುಡುಗರಿಗೆ ಸಮಾಜ ಪಾಠ ಹೇಳಿದವನು. ಪರೀಕ್ಷೆಗೆ ಬಾರದ ಪಾಠವನ್ನು ಯಾವ ಹುಡುಗನೂ ಓದುವುದಿಲ್ಲ ಎಂಬುದು ನನಗೆ ಗೊತ್ತು. ತೂಕ ಇಳಿಸದ ವ್ಯಾಯಾಮವೂ ನನಗೆ ಅಂಥದೇ ಅನಿಸಿತು. ಮಹಾನಂದಾ ನನ್ನ ಪಕ್ಕದ ಸ್ಟೂಲಿನ ಮೇಲೆ ಕೈಚೀಲ ಹಿಡಿದು ಕುಳಿತಿದ್ದಳು. ಡಾಕ್ಟರರು ಅವಳ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ನಡೆಯಬೇಕಾದವನು ನಾನು, ಒಬ್ಬನೇ ರಸ್ತೆಯಲ್ಲಿ ಸುಮ್ಮನೆ ನಡೆಯಲು ನಾಚಿಕೆಯಾಗುತ್ತದೆಂದು ಅವಳನ್ನು ಜೊತೆಗೆ ಕರೆದೆ, ಅಷ್ಟೇ.

ನಡೆಯಲು ಏನು ನಾಚಿಕೆ ಎಂದು ಕೇಳುತ್ತೀರಿ. ಅದಕ್ಕೆ ನೀವು ಭಂಕೂರಕ್ಕೆ ಬರಬೇಕು, ಶಹಾಬಾದಿನ ಮಗ್ಗುಲಿಗೆ, ನಾನು ಹುಟ್ಟಿದ ಊರಿಗೆ. ನಮ್ಮಪ್ಪ ಅಲ್ಲಿನ ಕಲ್ಲಿನ ಖಣಿಯಲ್ಲಿ ಹಾರೆ ಹಾಕಿ ಫರಸಿ, ಅಂದರೆ ನೆಲಕ್ಕೆ ಹಾಸುವ ಕಲ್ಲು, ಎಬ್ಬಿಸುತ್ತಿದ್ದ. ಆ ಕಲ್ಲು ಭೂಮಿಯಲ್ಲಿ ಪದರ ಪದರವಾಗಿ ಮಲಗಿರುತ್ತದೆ. ಹಾರೆಯ ತುದಿ ಸರಿಯಾದ ಸಂದಿಗೆ ಬಿದ್ದರೆ ಹಾಸಿಗೆ ಎತ್ತಿದ ಹಾಗೆ ಏಳುತ್ತದೆ, ಬೀಳದಿದ್ದರೆ ಎತ್ತುವವನ ಬೆನ್ನು ಏಳುತ್ತದೆ. ಅವ್ವ ಚೂರುಕಲ್ಲನ್ನು ಬುಟ್ಟಿಯಲ್ಲಿ ಹೊತ್ತು ಮೇಲೆ ಹಾಕುತ್ತಿದ್ದಳು. ಇಬ್ಬರಿಗೂ ಹೆಬ್ಬೆಟ್ಟು. ನಾನು ನಮ್ಮ ಮನೆತನಕ್ಕೇ ಮೊದಲ ಬಿ.ಎ. ಇದನ್ನು ಹೇಳುವಾಗ ಇವತ್ತಿಗೂ ನನ್ನ ಎದೆ ಒಂದಿಷ್ಟು ಮುಂದಕ್ಕೆ ಬರುತ್ತದೆ. ಬರಲಿ. ಯಾರೂ ಪುಕ್ಕಟೆ ಕೊಟ್ಟದ್ದಲ್ಲ.

ಚಿತ್ತಾಪುರದ ಹಾಸ್ಟೆಲಿನಿಂದ ರಜೆಗೆ ಬಂದಾಗ ನಾನು ನೀರಿನ ಕೊಡ ಮುಟ್ಟಿದರೆ ಅವ್ವ ಓಡಿಬಂದು ಕಸಿದುಕೊಳ್ಳುತ್ತಿದ್ದಳು. ಓದಿದವನ ಕೈಯಲ್ಲಿ ಭಾರವಿದ್ದರೆ ಮನೆಯವರ ಮರ್ಯಾದೆ ಹೋದಂತೆ. ನೌಕರಿ ಸಿಕ್ಕ ವರ್ಷ ಅಪ್ಪ ಶಹಾಬಾದಿನಿಂದ ತೋಳಿರುವ ಒಂದು ಕುರ್ಚಿ ತಂದ. ಮನೆಯಲ್ಲಿ ಬೇರೆ ಯಾರೂ ಅದರ ಮೇಲೆ ಕೂರಲಿಲ್ಲ. ಸಂಜೆ ಖಣಿಯಿಂದ ಬಂದು ಕೈಕಾಲು ತೊಳೆದು, ನಾನು ಕುಳಿತದ್ದನ್ನು ನೋಡಲಿಕ್ಕೆಂದೇ ಎದುರಿಗೆ ನೆಲದ ಮೇಲೆ ಕೂರುತ್ತಿದ್ದ. ಒಮ್ಮೆ ನಾನು ಸಂಕೋಚದಿಂದ ಎದ್ದಾಗ, "ನೀ ಕುಂದ್ರೋ. ನಿನ್ನ ಪಾಲಿಂದೂ ನಾ ಎತ್ತೀನಿ," ಅಂದ.

ಹಾಗಾಗಿ ಕುಳಿತುಕೊಳ್ಳುವುದು ನನಗೆ ಸೋಮಾರಿತನವಾಗಿ ಎಂದೂ ಕಾಣಲಿಲ್ಲ. ಅದು ಅಪ್ಪನಿಗೆ ನಾನು ಸಲ್ಲಿಸಿದ ಗೌರವ. ಸ್ಟಾಫ್ ರೂಮಿನಲ್ಲಿ ಕುಳಿತೆ, ತರಗತಿಯಲ್ಲಿ ಕುಳಿತೇ ನಕಾಶೆ ತೋರಿಸಿದೆ, ನಿವೃತ್ತನಾದ ಮೇಲೆ ಜಗುಲಿಯಲ್ಲಿ ಕುಳಿತೆ. ಕುಳಿತು ಪೇಪರ್ ಓದಿದೆ, ಮನಸ್ಸಿನಲ್ಲಲ್ಲ, ಗಟ್ಟಿಯಾಗಿ. ಅದೂ ಅಪ್ಪ ಹಚ್ಚಿದ ಚಟ. ಖಣಿಯವರನ್ನೆಲ್ಲ ಕೂರಿಸಿಕೊಂಡು, ಮಗ ಪೇಪರ್ ಓದುವುದನ್ನು ಕೇಳಿಸುತ್ತಿದ್ದ. ಅಪ್ಪನ ನಂತರ ಆ ಜಾಗಕ್ಕೆ ಮಹಾನಂದಾ ಬಂದಳು. ಬೆಳಿಗ್ಗೆ ಚಹಾ ಇಟ್ಟುಕೊಂಡು ಹೊಸ್ತಿಲಲ್ಲಿ ಕೂರುವಳು, ನಾನು ಓದುವೆನು, ಅವಳು ಹೂಂ ಅನ್ನುವಳು. ಇಷ್ಟು ವರ್ಷ ನಮ್ಮ ಸಂಸಾರ ನಡೆದದ್ದು ಆ ಹೂಂ ಮೇಲೆ. ಈಗ ಆ ಹೊತ್ತಿಗೆ ಹೊಸ್ತಿಲು ಖಾಲಿ ಇರುತ್ತದೆ. ನನ್ನ ಹೊಟ್ಟೆಕಿಚ್ಚಿನ ಬೇರು ಅಲ್ಲಿದೆ. ನನಗೆ ನನ್ನ ಓದು ಕೇಳುವವಳು ವಾಪಸ್ಸು ಬೇಕು.

ಅವಳು ಕೈ ತಪ್ಪಿದ್ದು ಹೇಗೆಂದರೆ, ಮೊದಲ ದಿನ ಇಬ್ಬರೂ ಮಳಖೇಡದ ರಸ್ತೆ ಹಿಡಿದೆವು. ನಾನು ಮುಂದೆ, ಅವಳು ನಾಲ್ಕು ಮಾರು ಹಿಂದೆ; ನಮ್ಮ ವಯಸ್ಸಿನ ಗಂಡಹೆಂಡತಿ ಇಲ್ಲಿ ಹೋಗುವುದೇ ಹಾಗೆ. ಪೆಟ್ರೋಲ್ ಬಂಕು ಇನ್ನೂ ದಾಟಿರಲಿಲ್ಲ, ಮೋಟಾರ್ ಸೈಕಲ್ಲೊಂದು ಪಕ್ಕಕ್ಕೆ ಬಂದು ನಿಂತಿತು. ನನ್ನ ಹಳೆಯ ವಿದ್ಯಾರ್ಥಿ, ಈಗ ಸಿಮೆಂಟು ಕಾರ್ಖಾನೆಯಲ್ಲಿದ್ದಾನೆ. ಗಾಡಿ ಕೆಟ್ಟಿದೆಯೇ ಎಂದು ಕೇಳಿದ. ಇಲ್ಲ, ಸುಮ್ಮನೆ ನಡೆಯುತ್ತಿದ್ದೇನೆ ಎಂದೆ. ಸುಮ್ಮನೆ ಎಂಬ ಮಾತು ಅವನಿಗೆ ತಿಳಿಯಲಿಲ್ಲ. ಹಿಂದೆ ಬರುತ್ತಿದ್ದ ಮಹಾನಂದಾಳನ್ನು ನೋಡಿದ, ನನ್ನನ್ನು ನೋಡಿದ, ಮನೆಯಲ್ಲಿ ಏನೋ ಆಗಿದೆ ಎಂದು ತೀರ್ಮಾನ ಮಾಡಿದ.

"ನಾ ಇರಬೇಕಾದ್ರ ನೀವು ನಡೀಬೇಕೇನ್ರಿ ಸರ? ನೋಡಿದ ಮಂದಿ ನನಗ ಏನಂದಾರು? ಕುಂದ್ರಿ."

ನಮ್ಮ ಕಡೆ ನಡೆದು ಹೊರಟ ಮಾಸ್ತರನನ್ನು ಬಿಟ್ಟು ಗಾಡಿ ಮುಂದೆ ಹೋಗುವುದು ತಪ್ಪು. ಕರೆದಾಗ ಮಾಸ್ತರ ಹತ್ತದಿರುವುದು ಅದಕ್ಕಿಂತ ದೊಡ್ಡ ತಪ್ಪು. ಹತ್ತಿದೆ. ಬಸ್‌ಸ್ಟ್ಯಾಂಡಿನ ಹೋಟೆಲಿಗೆ ಕರೆದೊಯ್ದು ಮಂಡಕ್ಕಿಯ ಸುಸಲಾ, ಮಿರ್ಚಿ ತಿನ್ನಿಸಿ, ಚಹಾ ಕುಡಿಸಿ, ಮನೆ ಬಾಗಿಲಿಗೆ ತಂದು ಇಳಿಸಿದ. ಎರಡನೆಯ ದಿನ ಸಿಮೆಂಟು ಲಾರಿಯವನು ನಿಲ್ಲಿಸಿದ. ಅವನ ಮಗ ನನ್ನ ಕೈಯಲ್ಲಿ ಓದಿದವನಂತೆ. ಲಾರಿಯ ಬಾಗಿಲು ಎತ್ತರ. ಅದನ್ನು ಹತ್ತಿದ್ದೇ ಅವತ್ತಿನ ವ್ಯಾಯಾಮ. ಮುಂದಿನ ದಿನ ಟಂಟಂ ಆಟೋ ಬಂತು. ಹೀಗೆ ಡಾಕ್ಟರರ ಮಾತು ಕೇಳಿ ನಾನು ಊರಿನ ತರತರದ ಗಾಡಿ ಹತ್ತಿದೆನೇ ಹೊರತು ನಡೆಯಲಿಲ್ಲ. ಆದರೆ ಹೆಂಗಸರಿಗೆ ಯಾರೂ ಗಾಡಿ ನಿಲ್ಲಿಸುವುದಿಲ್ಲ, ನಿಲ್ಲಿಸಿದರೂ ಅವರು ಹತ್ತುವ ಹಾಗಿಲ್ಲ. ನಾನು ಲಾರಿಯಲ್ಲಿ ಹೋದ ದಾರಿಯನ್ನೆಲ್ಲ ಮಹಾನಂದಾ ನಡೆದು ಮುಗಿಸಿ ಬರುತ್ತಿದ್ದಳು. ವಾರದ ಕೊನೆಗೆ ನನ್ನ ಪ್ಯಾಂಟು ಬಿಗಿಯಾಗಿತ್ತು. ನಾಳೆಯಿಂದ ನಾನು ಬರುವುದಿಲ್ಲ ಎಂದೆ. ಬ್ಯಾಡ ಬಿಡ್ರಿ, ನಾ ಹೋಗಿ ಬರ್ತೀನಿ ಎಂದಳು, ಹಾಲು ತರಲು ಹೋಗುವವಳಂತೆ.

ಇಷ್ಟೇ ಆಗಿದ್ದರೆ ನಕ್ಕು ಬಿಡುತ್ತಿದ್ದೆ. ಆದರೆ ನೀವು ಅದರ ಹಿಂದಿನ ವರ್ಷದ ನಮ್ಮ ಮನೆ ನೋಡಿರಲಿಲ್ಲ. ಆ ವರ್ಷ ಅವಳ ಅವ್ವ ತೀರಿಕೊಂಡಿದ್ದಳು. ಚಿಂಚೋಳಿಯ ಆಚೆ ಗುಡ್ಡದ ಮಗ್ಗುಲಿಗೆ ಅವಳ ತವರು. ಮಣ್ಣು ಕೊಟ್ಟು ಬಂದ ಮೇಲೆ ಮಹಾನಂದಾ ಅಳಲೂ ಇಲ್ಲ, ಮಾತಾಡಲೂ ಇಲ್ಲ. ರೊಟ್ಟಿ ಬಡಿಯುವಳು, ಬಟ್ಟೆ ಒಗೆಯುವಳು, ಸಂಜೆ ದೀಪ ಹಾಕದೆ ಕತ್ತಲಲ್ಲೇ ಕೂರುವಳು. ಏನಾಗ್ತದ ಎಂದರೆ ಏನಿಲ್ಲ ಎನ್ನುವಳು. ಮಗಳು ಫೋನು ಮಾಡಿದರೆ ನನ್ನ ಕೈಗೆ ಕೊಡುವಳು. ನಾನು ಓದಿದವನಲ್ಲವೇ, ನನಗೆ ಗೊತ್ತಿದ್ದ ಔಷಧಿ ಒಂದೇ: ಪೇಪರನ್ನು ಇನ್ನೂ ಗಟ್ಟಿಯಾಗಿ ಓದಿದೆ. ಮಳೆ ಬೆಳೆ, ಪಂಚಾಯ್ತಿ, ದೆಹಲಿ, ಎಲ್ಲವನ್ನೂ ಓದಿದೆ. ಹೂಂ ಬರುತ್ತಿತ್ತು, ಎಲ್ಲೋ ಬಾವಿಯೊಳಗಿನಿಂದ ಬಂದ ಹಾಗೆ. ನನ್ನ ಅಷ್ಟು ಓದಿನಿಂದ ಆಗದ್ದನ್ನು ಆ ರಸ್ತೆ ಮಾಡಿತು. ರಸ್ತೆಯ ಮೇಲೆ ಹೊಟ್ಟೆಕಿಚ್ಚು ಪಟ್ಟವರನ್ನು ನೀವು ಕಂಡಿದ್ದೀರಾ? ಈಗ ಕಂಡಿರಿ.

ಮೊದಲು ನಿದ್ದೆ ಬಂತು. ತಲೆ ದಿಂಬಿಗೆ ತಾಗುವಷ್ಟರಲ್ಲಿ ಮಲಗಿಬಿಡುತ್ತಾಳೆ, ಇತ್ತ ನಾನು ಫ್ಯಾನಿನ ರೆಕ್ಕೆ ಎಣಿಸುತ್ತ ಬಿದ್ದಿರುತ್ತೇನೆ. ಆಮೇಲೆ ಹಸಿವು ಬಂತು. ಆಮೇಲೆ ಸಿಟ್ಟು ಹೋಯಿತು. ನನ್ನ ತಂಗಿ ಫೋನಿನಲ್ಲಿ ಏನು ಚುಚ್ಚಿದರೂ ಆಗಲಿ ಬಿಡು ಎಂದು ನಗುತ್ತಾಳೆ. ತಂಗಿ ನನಗೆ ಫೋನು ಮಾಡಿ, ವೈನಿಗೆ ಆರಾಮಿಲ್ಲೇನು ಎಂದು ಕೇಳಿದಳು. ಮೊಣಕಾಲು ಹಿಡಿದುಕೊಂಡು ಏಳುತ್ತಿದ್ದವಳು ಈಗ ಸ್ಟೂಲು ಹತ್ತಿ ಅಟ್ಟದ ಡಬ್ಬಿ ಇಳಿಸುತ್ತಾಳೆ. ಮರೆವು ಕಡಿಮೆಯಾಗಿದೆ, ಇದು ನನಗೆ ದೊಡ್ಡ ನಷ್ಟ. ಮೊದಲು ಹೇಳಿ ಮರೆಯುತ್ತಿದ್ದ ಕೆಲಸಗಳನ್ನು ಈಗ ಎರಡೆರಡು ಸಲ ನೆನಪಿಸುತ್ತಾಳೆ. ಬ್ಯಾಂಕಿಗೆ ಒಬ್ಬಳೇ ಹೋಗಿ ಬರುತ್ತಾಳೆ. ನಳದ ನೀರು ಬಾರದಿದ್ದಾಗ ಪುರಸಭೆಯ ಇಂಜಿನಿಯರರ ಎದುರು ನಿಂತು ಮಾತಾಡಿ ಬಂದಳಂತೆ. ನಾನು ಹದಿನೈದು ದಿನದಿಂದ ಒಳ್ಳೆಯ ಭಾಷೆಯಲ್ಲಿ ಅರ್ಜಿ ಬರೆಯುವ ವಿಚಾರದಲ್ಲಿದ್ದೆ.

ಒಮ್ಮೆ ಸೋಲಾಪುರದ ಬೀಗರ ಮನೆಗೆ ಹೋಗಲು ವಾಡಿಯಲ್ಲಿ ಗಾಡಿ ಬದಲಾಯಿಸಬೇಕಿತ್ತು. ವಾಡಿ ಜಂಕ್ಷನ್ನಿನ ಮೇಲ್ಸೇತುವೆಯ ಮೆಟ್ಟಿಲು ನೀವು ಬಲ್ಲಿರಿ. ಅರ್ಧಕ್ಕೆ ಬರುವಷ್ಟರಲ್ಲಿ ನನಗೆ ಕಣ್ಣು ಕತ್ತಲೆ ಬಂತು. ಕಂಬಿ ಹಿಡಿದು, ಅಲ್ಲಿಂದ ಕಾಣುವ ಹಳಿಗಳನ್ನು ಆಸಕ್ತಿಯಿಂದ ನೋಡುವವನಂತೆ ನಿಂತೆ. ಮಹಾನಂದಾ ಎರಡೂ ಚೀಲ ಹಿಡಿದು ಆಚೆ ಇಳಿದು, ಬೋಗಿಯೊಳಗೆ ಹೋಗಿ ಸೀಟಿನ ಮೇಲೆ ಟವೆಲು ಹಾಸಿ, ಕಿಟಕಿಯಿಂದ ನನ್ನನ್ನು ಕರೆಯುತ್ತಿದ್ದಳು. ಪಕ್ಕದ ಪ್ರಯಾಣಿಕ ನನಗೆ ಜಾಗ ಬಿಡುತ್ತ, ಬರ್ರಿ ಅಜ್ಜಾರ, ನಿಮ್ಮ ಮಗಳು ಜಾಗಾ ಹಿಡದಾಳ ಎಂದ. ನಮ್ಮಿಬ್ಬರಿಗೂ ವಯಸ್ಸಿನಲ್ಲಿ ಅಂಥ ಅಂತರವೇನೂ ಇಲ್ಲ. ಸೋಲಾಪುರದವರೆಗೂ ಅವಳು ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದಳು, ಭುಜ ಅಲುಗುತ್ತಿತ್ತು.

ನನಗೆ ಉಳಿದಿದ್ದ ಒಂದೇ ಆಸರೆ ತೂಕ. ಎಷ್ಟು ನಡೆದರೂ ಮಹಾನಂದಾ ತೆಳ್ಳಗಾಗಿರಲಿಲ್ಲ. ಅವಳ ರವಿಕೆಗಳು ಅವೇ, ಬಳೆಗಳು ಅವೇ. ಒಂದು ದಿನ ಉಪಾಯ ಮಾಡಿ ಮೆಡಿಕಲ್ ಅಂಗಡಿಗೆ ಕರೆದೊಯ್ದು ಬಣ್ಣದ ದೀಪದ ತೂಕದ ಮಿಷನ್ನಿನ ಮೇಲೆ ಹತ್ತಿಸಿದೆ. ಮೊದಲಿನಷ್ಟೇ ಇತ್ತು, ಇನ್ನೊಂದಿಷ್ಟು ಹೆಚ್ಚೇ. ಗೆದ್ದವನ ಮುಖ ಮಾಡಿ ಅವಳ ಕಡೆ ತಿರುಗಿದೆ.

"ನಾ ಏನು ಮಾರಾಟಕ್ಕ ಇದ್ದೀನೇನ್ರಿ, ತೂಗಿ ನೋಡ್ಲಿಕ್ಕ?" ಎಂದಳು. ಅಂಗಡಿಯವನು ಗುಳಿಗೆಯ ಡಬ್ಬಿಯ ಹಿಂದೆ ಮುಖ ಮುಚ್ಚಿಕೊಂಡ.

ಎಲ್ಲಕ್ಕಿಂತ ಸುಡುತ್ತಿದ್ದದ್ದು ಅವಳ ಜೊತೆಗಾತಿಯರು. ಒಬ್ಬರು ಇಂದಿರಾಬಾಯಿ, ನಿವೃತ್ತ ಶಿಕ್ಷಕಿ. ಅವರ ಮನೆತನ ಮಠದ ಪೂಜೆಯವರದು, ಮೊಮ್ಮಕ್ಕಳಿರುವ ಹೆಂಗಸು. ಇನ್ನೊಬ್ಬಳು ರಜಿಯಾ, ನಮ್ಮ ಓಣಿಯ ತುದಿಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡವಳು. ಅವಳ ಬೆನ್ನು ಹಿಡಿದುಕೊಂಡಿದ್ದು ನಡೆಯುವುದರಿಂದ ಬಿಟ್ಟಿದೆಯಂತೆ. ಮೂವರೂ ಊರಾಚೆ ಪ್ಲಾಟು ಹಾಕಿದ ಹೊಲದಲ್ಲಿ ನಡೆಯುತ್ತಾರೆ. ಅಲ್ಲಿ ರಸ್ತೆಗಳಿವೆ, ಮನೆಗಳಿಲ್ಲ, ಗಾಡಿಗಳಿಲ್ಲ, ಆಚೆಗೆಲ್ಲ ತೊಗರಿ. ವಾಪಸ್ಸು ಬರುವಾಗ ನಮ್ಮ ಓಣಿಯ ತಿರುವಿನಲ್ಲಿ ನಿಂತು ಮೂವರೂ ನಗುತ್ತಾರೆ. ನಾನು ಜಗುಲಿಯಲ್ಲಿ ಪೇಪರಿನ ಹಿಂದೆ ಕುಳಿತು ಆ ನಗು ಕೇಳುತ್ತೇನೆ. ಏನು ವಿಷಯ ಎಂದರೆ ಏನಿಲ್ರಿ, ಹಿಂಗ ಎನ್ನುತ್ತಾಳೆ. ಇಷ್ಟು ವರ್ಷ ಈ ದೇಶದ ಸುದ್ದಿಯನ್ನೆಲ್ಲ ಅವಳಿಗೆ ಹೇಳಿದವನಿಗೆ ಅವಳ ಬಾಯಿಂದ ಸಿಕ್ಕ ಸುದ್ದಿ ಹಿಂಗ ಎಂಬುದೊಂದೇ.

ಮೊನ್ನೆ ತಡೆಯಲಾಗಲಿಲ್ಲ. ಅವಳು ಬೂಟಿನ ದಾರ ಕಟ್ಟುತ್ತಿದ್ದಾಗ, ಪೇಪರ್ ಯಾರಿಗೆ ಓದಲಿ, ಗ್ವಾಡಿಗೇನು ಎಂದು ಕೇಳಿಬಿಟ್ಟೆ. ಅವಳು ತಲೆಯೆತ್ತಿ ನೋಡಿದಳು. ನಗಲಿಲ್ಲ.

"ದಾರ್ಯಾಗ ಹೇಳ್ರಿ. ಬರ್ರಿ, ಕೇಳ್ತೀನಿ," ಎಂದಳು.

ಬೂಟು ಹಾಕಿದರೆ ಸೋತಂತೆ ಆಗುತ್ತದೆಂದು ಚಪ್ಪಲಿಯಲ್ಲೇ ಹೊರಟೆ. ಹೇಳಬೇಕಾದ ಸುದ್ದಿಗಳನ್ನು ತಲೆಯಲ್ಲಿ ಸಾಲಾಗಿ ಜೋಡಿಸಿಕೊಂಡಿದ್ದೆ. ಓಣಿ ದಾಟುವವರೆಗೆ ಪಂಚಾಯ್ತಿ ಮುಗಿಯಿತು. ರೈಲು ಗೇಟಿನ ಹತ್ತಿರ ತೊಗರಿ ದರದ ನಡುವೆ ಉಸಿರು ಕಡಿಯಿತು. ಅವಳು ಓಡುತ್ತಿರಲಿಲ್ಲ, ಜೋರಾಗಿಯೂ ನಡೆಯುತ್ತಿರಲಿಲ್ಲ. ಖಾಲಿ ಕೈ ಬೀಸಿಕೊಂಡು ತನ್ನ ಪಾಡಿಗೆ ತಾನು ಹೊರಟಿದ್ದಳು, ಅಷ್ಟೇ. ನಾಲ್ಕು ಮಾರು ಹಿಂದೆ ನಾನು. ಪ್ಲಾಟಿನ ರಸ್ತೆಗೆ ಬರುವಷ್ಟರಲ್ಲಿ ದೆಹಲಿಯ ಸುದ್ದಿ ಬಾಯಲ್ಲಿ ಬರೀ ಗಾಳಿಯಾಗಿ ಹೊರಬಿತ್ತು.

"ಮಾತಾಡಬ್ಯಾಡ್ರಿ, ದಮ್ಮ ಉಳಿಸ್ಕೊಳ್ರಿ," ಎಂದಳು. "ನಾ ಹೇಳ್ತೀನಿ."

ಅವಳು ಹೇಳತೊಡಗಿದಳು. ನಾನು ಹೂಂ ಎಂದೆ. ಅದಕ್ಕಿಂತ ಉದ್ದದ್ದು ಏನೂ ಬರುವ ಹಾಗಿರಲಿಲ್ಲ. ಅವಳು ಹೇಳಿದ್ದು ಅವಳ ಅವ್ವನ ಸುದ್ದಿ. ಮಹಾನಂದಾ ಸಣ್ಣವಳಿದ್ದಾಗ ಒಂದು ಸಂಜೆ ಅವರ ಎಮ್ಮೆ ಅಡವಿಯಿಂದ ತಿರುಗಿ ಬರಲಿಲ್ಲವಂತೆ. ಅದರ ಹೆಸರು ಚಂದ್ರಿ. ಅಪ್ಪ ಊರಲ್ಲಿ ಇರಲಿಲ್ಲ. ಅವ್ವ ಸೀರೆ ಎತ್ತಿ ಕಟ್ಟಿ, ಇವಳ ಕೈ ಹಿಡಿದು, ಗುಡ್ಡ ಹತ್ತಿದಳಂತೆ. ಚಂದ್ರೀ, ಚಂದ್ರೀ ಎಂದು ಕೂಗುತ್ತ, ನಡುನಡುವೆ ತೆಲುಗಿನಲ್ಲಿ ಆ ಎಮ್ಮೆಯ ಮನೆತನವನ್ನೆಲ್ಲ ಬಯ್ಯುತ್ತ. ಸಿಟ್ಟು ಬಂದರೆ ಅವ್ವನಿಗೆ ತೆಲುಗೇ ಬರುತ್ತಿತ್ತಂತೆ. ಸೀತಾಫಲದ ಗಿಡಗಳ ನಡುವೆ ಕಾಲುದಾರಿ, ಇವಳ ಕಾಲಿಗೆ ಮುಳ್ಳು. ಅಳಬೇಡ, ನಡಿ, ನಡೆದರೆ ನೋಯುವುದಿಲ್ಲ ಎನ್ನುತ್ತಿದ್ದಳಂತೆ ಅವ್ವ. ಮಬ್ಬುಗತ್ತಲೆ ಆಗುವ ಹೊತ್ತಿಗೆ ಹಳ್ಳದ ದಂಡೆಗೆ ಬಂದರಂತೆ. ಹಸಿ ಮಣ್ಣಲ್ಲಿ ಎಮ್ಮೆಯ ಗೊರಸು ಮೂಡಿತ್ತು, ಅದರ ಬಾಜೂಕ್ಕೆ—

ಅಷ್ಟರಲ್ಲಿ ನನ್ನ ಕಾಲು ಹಿಡಿಯಿತು. ಪ್ಲಾಟಿನ ಗುರುತಿಗೆಂದು ನೆಟ್ಟಿದ್ದ ಫರಸಿಯ ಮೇಲೆ ಕುಳಿತುಬಿಟ್ಟೆ. ಹೇಳು, ಮುಂದೇನಾಯ್ತು ಎಂದು ಕೈಸನ್ನೆ ಮಾಡಿದೆ.

"ನಿಂತು ಹೇಳ್ಲಿಕ್ಕಾಗಂಗಿಲ್ರಿ," ಎಂದಳು. "ನಿಂತ್ರ ಅಳು ಬರ್ತದ."

ಎಂದವಳು ನಿಲ್ಲದೆ ನಡೆದುಬಿಟ್ಟಳು.

ಆಚೆಯ ತಿರುವಿನಿಂದ ಇಂದಿರಾಬಾಯಿ, ರಜಿಯಾ ಬಂದು ಅವಳನ್ನು ಕೂಡಿಕೊಂಡರು. ನಾನು ಕುಳಿತಲ್ಲಿಂದ ಮಾತು ಕೇಳಿಸುತ್ತಿರಲಿಲ್ಲ. ಮಹಾನಂದಾ ಏನೋ ಹೇಳಿದಳು. ರಜಿಯಾ ಎರಡೂ ಕೈಯನ್ನು ತಲೆಯ ಮೇಲೆ ಎತ್ತಿ ಕೋಡು ತೋರಿಸಿದಳು. ಇಂದಿರಾಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಮೂವರೂ ನಕ್ಕರು.

ಅಂದರೆ ಅವರಿಗೆ ಗೊತ್ತಿತ್ತು. ಮಠದ ಮನೆಯ ಇಂದಿರಾಬಾಯಿಗೆ ಚಂದ್ರಿ ಗೊತ್ತು, ರಜಿಯಾಗೆ ಚಂದ್ರಿಯ ಕೋಡು ಗೊತ್ತು, ಹಳ್ಳದ ದಂಡೆಯಲ್ಲಿ ಏನಾಯಿತೆಂಬುದೂ ಗೊತ್ತು. ಆ ಅತ್ತೆಯ ಕೈಯಿಂದ ಧಾರೆ ಎರೆಸಿಕೊಂಡವನು ನಾನು, ಅವಳ ಹೆಣಕ್ಕೆ ಹೆಗಲು ಕೊಟ್ಟವನು ನಾನು, ಅವಳು ಸಿಟ್ಟು ಬಂದರೆ ತೆಲುಗು ಮಾತಾಡುತ್ತಿದ್ದಳೆಂಬುದು ಅರ್ಧ ತಾಸಿನ ಹಿಂದಷ್ಟೇ ನನಗೆ ತಿಳಿದಿತ್ತು. ನಿದ್ದೆ ಹಸಿವುಗಳ ಮೇಲೆ ಪಟ್ಟದ್ದೆಲ್ಲ ಹೊಟ್ಟೆಕಿಚ್ಚೇ ಅಲ್ಲ. ನಿಜವಾದದ್ದು ಎದೆಯ ಎಡಗಡೆ ಎಲ್ಲಿ ಹತ್ತಿಕೊಳ್ಳುತ್ತದೆಂದು ಅವತ್ತು ಗೊತ್ತಾಯಿತು. ಅವರು ಮೂವರೂ ಹಿಂದೆ ನೋಡದೆ, ತೊಗರಿಯ ಹೊಲದ ಕಡೆಗಿನ ಉದ್ದನೆಯ ರಸ್ತೆ ಹಿಡಿದರು.

ಎದ್ದೆ. ಮೀನಖಂಡ ಕಿತ್ತು ಬರುತ್ತಿತ್ತು. ಒಂದು ಚಪ್ಪಲಿಯ ಉಂಗುಷ್ಠ ಹರಿಯಿತು. ಎರಡನ್ನೂ ಕೈಯಲ್ಲಿ ಹಿಡಿದು ನಡೆದೆ. ನಮ್ಮ ಓಣಿಯವರು ಯಾರಾದರೂ ನೋಡಿದ್ದರೆ ಏನೆನ್ನುತ್ತಿದ್ದರೋ, ಆಗ ಅದು ನೆನಪಾಗಲಿಲ್ಲ. ಮೂವರ ಬೆನ್ನು ಹತ್ತಿರ ಹತ್ತಿರ ಬಂತು. ಇಂದಿರಾಬಾಯಿ ನನ್ನ ಏದುಸಿರು ಕೇಳಿ ಪಕ್ಕಕ್ಕೆ ಸರಿದು ನಡುವೆ ಜಾಗ ಬಿಟ್ಟರು. ಮಹಾನಂದಾ ತಿರುಗಿ ನೋಡಲಿಲ್ಲ, ನಡಿಗೆಯನ್ನೂ ನಿಧಾನ ಮಾಡಲಿಲ್ಲ.

"ನಾ ಎಲ್ಲಿಗೆ ಬಿಟ್ಟಿದ್ದೆನ್ರಿ?" ಎಂದು ಕೇಳಿದಳು.

"ಹಳ್ಳದ ದಂಡ್ಯಾಗ," ಎಂದೆ. ಉಸಿರಿದ್ದದ್ದು ಅಷ್ಟಕ್ಕೇ.